ಮಳೆಗಾಲದ ಕರಾವಳಿಯಲ್ಲಿ ಹಲ್ಲಿನ ನರ ಮುಚ್ಚುವ ಸಿಮೆಂಟುಗಳು: ಯಾವುದಕ್ಕೆ ದುಡ್ಡು ಹಾಕಬಹುದು, ಯಾವುದು ಬೇಡ

ಹುಳುಕು ಕೆರೆದು ತೆಗೆಯುವಾಗ ಕುಳಿಯ ತಳದಲ್ಲಿ ಸಣ್ಣದೊಂದು ಕೆಂಪು ಚುಕ್ಕೆ ಕಂಡರೆ, ಹಲ್ಲಿನ ನರ ಹೊರಗೆ ಬಿದ್ದಿದೆ ಎಂದೇ ಲೆಕ್ಕ. ಡಾಕ್ಟರುಗಳು ಅದನ್ನು ಪಲ್ಪ್ ಎನ್ನುತ್ತಾರೆ. ಹಿಂದೆಲ್ಲ ಇಷ್ಟಾದ ಕೂಡಲೇ ರೂಟ್ ಕೆನಾಲ್ ಮಾತು ಬರುತ್ತಿತ್ತು. ಈಗ ಪಲ್ಪ್ ಇನ್ನೂ ಚೇತರಿಸಿಕೊಳ್ಳುವ ಸ್ಥಿತಿಯಲ್ಲಿದ್ದರೆ, ರಕ್ತ ನಿಲ್ಲಿಸಿ ಅದರ ಮೇಲೆ ಸರಿಯಾದ ಸಿಮೆಂಟ್ ಕೂರಿಸಿ ಗಾಳಿ ನೀರು ನುಸುಳದಂತೆ ಮುಚ್ಚುತ್ತಾರೆ. ಕೆಲವು ವಾರಗಳಲ್ಲಿ ಪಲ್ಪ್ ತಾನೇ ತನ್ನ ಮೇಲೆ ಡೆಂಟಿನ್‌ನ (ಹಲ್ಲಿನ ಒಳಗಿನ ಗಟ್ಟಿ ಭಾಗದ) ಹೊಸ ಪದರ ಕಟ್ಟಿಕೊಳ್ಳುತ್ತದೆ. ಇದೇ ಪಲ್ಪ್ ಕ್ಯಾಪಿಂಗ್.

ಮಂಗಳೂರು, ಉಡುಪಿ, ಮಣಿಪಾಲದ ಕ್ಲಿನಿಕ್ಕುಗಳ ಕಪಾಟಿನಲ್ಲಿ ಈ ಕೆಲಸಕ್ಕೆಂದು ಇರುವ ಸಾಮಾನು ಹೆಚ್ಚೆಂದರೆ ನಾಲ್ಕು ಬಗೆ: ಡೈಕಲ್, ಎಂಟಿಎ, ಬಯೋಡೆಂಟಿನ್, ಥೆರಾಕ್ಯಾಲ್ ಎಲ್‌ಸಿ. ಇವುಗಳ ಗುಣಾವಗುಣ ಪಠ್ಯಪುಸ್ತಕದಲ್ಲಿ ಬೇಕಾದಷ್ಟಿದೆ. ಆದರೆ ಪ್ಯಾಕೆಟ್ಟಿನ ಮೇಲೆ ಅಚ್ಚಾದ ಗುಣಗಳೆಲ್ಲ ಒಣಗಿದ, ಹೊಸದಾಗಿ ಒಡೆದ ಪುಡಿಯ ಗುಣಗಳು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವಾಂಶ ಶೇ. 85ರ ಆಸುಪಾಸು, ಎಷ್ಟೋ ದಿನ ಅದಕ್ಕೂ ಮೇಲೆ. ಉಪ್ಪಿನ ಡಬ್ಬಿಯೇ ನೀರು ಬಿಡುವ ಊರಿನಲ್ಲಿ, ನೀರು ತಾಗಿದರೆ ಗಟ್ಟಿಯಾಗುವ ಪುಡಿಯನ್ನು ಕೊಳ್ಳುವಾಗ ಅದರ ರಸಾಯನಶಾಸ್ತ್ರದಷ್ಟೇ ಅದರ ಮುಚ್ಚಳವನ್ನೂ ನೋಡಬೇಕು. ಈ ವಿಮರ್ಶೆಯಲ್ಲಿ ಅಂಕ ಕೊಟ್ಟಿರುವುದು ಈ ಎರಡನ್ನೂ ಸೇರಿಸಿ.

ಮೊದಲೇ ಹೇಳಿಬಿಡುವುದಾದರೆ, ತೆರೆದ ಪಲ್ಪ್ ಮೇಲೆ ನೇರವಾಗಿ ಹಾಕಲು ಬಯೋಡೆಂಟಿನ್ ಕ್ಯಾಪ್ಸೂಲ್ ಮೊದಲ ಆಯ್ಕೆ. ಎರಡನೆಯದು, ಹಲ್ಲಿಗೆ ಬಣ್ಣ ಹಿಡಿಸುವ ಬಿಸ್ಮತ್ ಇಲ್ಲದ ಎಂಟಿಎ, ಅದೂ ಒಂದೊಂದು ಡೋಸಿನ ಪೊಟ್ಟಣದಲ್ಲಿದ್ದರೆ. ಡೈಕಲ್ ಈ ಕೆಲಸದಿಂದ ನಿವೃತ್ತಿಯಾಗಬೇಕಾದ ಸಾಮಾನು. ಥೆರಾಕ್ಯಾಲ್ ಆಳದ ಕುಳಿಗೆ ಲೈನರ್ ಆಗಿ (ತಳಕ್ಕೆ ಹಾಕುವ ತೆಳು ಪದರವಾಗಿ) ಚೆನ್ನ, ರಕ್ತ ಬಂದ ಜಾಗಕ್ಕೆ ಬೇಡ.

ಡೈಕಲ್: ಅಗ್ಗ, ಚುರುಕು, ಆದರೆ ಕರಗುತ್ತದೆ

ಡೈಕಲ್‌ನಲ್ಲಿ ಕೆಲಸ ಮಾಡುವುದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದನ್ನು ಜರ್ಮನಿಯ ಹರ್ಮನ್ 1920ರಲ್ಲಿ ಹಲ್ಲಿನ ಚಿಕಿತ್ಸೆಗೆ ತಂದಾಗಿನಿಂದ ಸುಮಾರು ಎಪ್ಪತ್ತು ವರ್ಷ ಇದಕ್ಕೆ ಎದುರಾಳಿಯೇ ಇರಲಿಲ್ಲ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ಪಿಹೆಚ್ 12.5ರ ಹತ್ತಿರ. ಈ ಕ್ಷಾರ ಪಲ್ಪ್‌ನ ಮೇಲ್ಪದರವನ್ನು ತೆಳ್ಳಗೆ ಸುಡುತ್ತದೆ, ಸುಟ್ಟ ಪದರದ ಕೆಳಗಿನ ಜೀವಕೋಶಗಳು ಎಚ್ಚೆತ್ತು ಡೆಂಟಿನ್ ಕಟ್ಟಲು ತೊಡಗುತ್ತವೆ. ಬ್ಯಾಕ್ಟೀರಿಯಾಕ್ಕೂ ಈ ಪಿಹೆಚ್ ಆಗಿಬರುವುದಿಲ್ಲ.

ಡೈಕಲ್ ಎರಡು ಟ್ಯೂಬುಗಳಲ್ಲಿ ಬರುತ್ತದೆ, ಬೇಸ್ ಮತ್ತು ಕೆಟಲಿಸ್ಟ್. ಪ್ಯಾಡಿನ ಮೇಲೆ ಎರಡನ್ನೂ ಸಮ ಉದ್ದಕ್ಕೆ ಹಿಂಡಿ, 10 ಸೆಕೆಂಡಿನೊಳಗೆ ಬಣ್ಣ ಒಂದಾಗುವಂತೆ ಕಲಸಿ, ಗುಂಡು ತುದಿಯ ಅಪ್ಲಿಕೇಟರಿನಲ್ಲಿ ಸಣ್ಣ ಚುಕ್ಕೆಯಾಗಿ ಇಡಬೇಕು. ಪ್ಯಾಡಿನ ಮೇಲೆ ಎರಡೂವರೆಯಿಂದ ಮೂರೂವರೆ ನಿಮಿಷಕ್ಕೆ ಗಟ್ಟಿಯಾಗುತ್ತದೆ, ಬಾಯಿಯ ಬಿಸಿ ಮತ್ತು ತೇವಕ್ಕೆ ಇನ್ನೂ ಬೇಗ. ಶಾಖ, ತೇವ ಎರಡೂ ಇದರ ಗಡಿಯಾರವನ್ನು ಮುಂದಕ್ಕೆ ತಳ್ಳುತ್ತವೆ. ಜುಲೈಯಲ್ಲಿ ಎ.ಸಿ. ಇಲ್ಲದ ಕೋಣೆಯಲ್ಲಿ ಕಲಸಿದರೆ ಪ್ಯಾಡಿನಿಂದ ಎತ್ತುವಷ್ಟರಲ್ಲೇ ನೂಲೆಳೆಯಲು ಶುರುವಾಗುತ್ತದೆ. ಆ ಹಂತ ದಾಟಿದ್ದನ್ನು ಕುಳಿಗೆ ಒತ್ತಿದರೆ ತಳಕ್ಕೆ ಅಂಟದೆ ಅಂಚು ಎದ್ದು ನಿಲ್ಲುತ್ತದೆ.

ದೋಷ ಮೂರು. ಡೆಂಟಿನ್‌ಗೆ ಇದು ಅಂಟುವುದೇ ಇಲ್ಲ. ಮೇಲಿನ ಫಿಲ್ಲಿಂಗಿನ ಅಂಚಿನಲ್ಲಿ ಚೂರು ಲೀಕ್ ಆದರೂ ಕೆಳಗೆ ನಿಧಾನಕ್ಕೆ ಕರಗುತ್ತಾ ಹೋಗುತ್ತದೆ. ಹಳೆಯ ಫಿಲ್ಲಿಂಗ್ ಬಿಚ್ಚಿ ನೋಡಿದಾಗ ಡೈಕಲ್ ಇದ್ದ ಜಾಗದಲ್ಲಿ ಮೆತ್ತಗಿನ ಹಿಟ್ಟೋ ಖಾಲಿ ಪೊಳ್ಳೋ ಸಿಗುವುದು ಇದೇ ಕಾರಣಕ್ಕೆ. ಮೂರನೆಯದು, ಇದರ ಕೆಳಗೆ ಕಟ್ಟುವ ಡೆಂಟಿನ್ ಗೋಡೆಯಲ್ಲಿ ಸುರಂಗದಂಥ ತೂತುಗಳು ಉಳಿಯುತ್ತವೆ. 1996ರಲ್ಲಿ ಪ್ರಕಟವಾದ, ಕೋತಿಗಳ ಹಲ್ಲಿನ ಮೇಲಿನ ಅಧ್ಯಯನದಲ್ಲಿ ಇಂಥ ಗೋಡೆಗಳ ಪೈಕಿ ಶೇ. 89ರಲ್ಲಿ ಸುರಂಗ ಕಂಡಿತ್ತು. ಎಕ್ಸ್‌ರೇಯಲ್ಲಿ ಬಿಳಿ ಗೆರೆ ಕಂಡಿತೆಂದು ಹಿಗ್ಗುವಂತಿಲ್ಲ ಎಂದಾಯಿತು.

ಮನುಷ್ಯರಲ್ಲಿ ಏನಾಯಿತು ಎಂಬುದಕ್ಕೂ ಉತ್ತರ ಇದೆ. ಅಮೆರಿಕದ ಖಾಸಗಿ ಕ್ಲಿನಿಕ್ಕುಗಳ ಜಾಲವೊಂದು 376 ಜನರಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮತ್ತು ಎಂಟಿಎ ಎರಡನ್ನೂ ಹೋಲಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿತು. ಎರಡು ವರ್ಷದ ಹೊತ್ತಿಗೆ ವೈಫಲ್ಯದ ಸಂಭವ ಮೊದಲನೆಯದರಲ್ಲಿ ಶೇ. 31.5, ಎಂಟಿಎಯಲ್ಲಿ ಶೇ. 19.7. ಕಾಲೇಜಿನ ಆಯ್ದ ರೋಗಿಗಳಲ್ಲ, ದಿನನಿತ್ಯದ ಪ್ರಾಕ್ಟೀಸಿನ ಲೆಕ್ಕ ಎಂಬ ಕಾರಣಕ್ಕೆ ಇದಕ್ಕೆ ತೂಕ ಹೆಚ್ಚು. ಜರ್ಮನಿಯಿಂದ 2014ರಲ್ಲಿ ಬಂದ ದೀರ್ಘಾವಧಿಯ ಲೆಕ್ಕದಲ್ಲೂ ಎಂಟಿಎ ಶೇ. 80.5, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಶೇ. 59 ಯಶಸ್ಸು.

ಹಾಗಿದ್ದರೂ ಡೈಕಲ್ ಇನ್ನೂ ಮಾರಾಟವಾಗುತ್ತಿದೆ, ಯಾಕೆಂದರೆ ಒಂದು ಹಲ್ಲಿಗೆ ತಗಲುವ ಖರ್ಚು ಕೆಲವೇ ರೂಪಾಯಿ. ಪೇಸ್ಟ್ ಆದ್ದರಿಂದ ಮಳೆಗಾಲಕ್ಕೆ ಪುಡಿಯಷ್ಟು ಹೆದರುವುದಿಲ್ಲ, ಕರೆಂಟೂ ಬೇಡ. ಟ್ಯೂಬುಗಳ ಮುಚ್ಚಳ ಅದಲು ಬದಲಾಗದಂತೆ ನೋಡಿಕೊಂಡರೆ ಸಾಕು. ಅದಲು ಬದಲಾದರೆ ಟ್ಯೂಬಿನ ಮೂತಿಯಲ್ಲೇ ಪೇಸ್ಟ್ ಗಟ್ಟಿಯಾಗಿ ಅದನ್ನು ಬಿಸಾಡಬೇಕಾಗುತ್ತದೆ. ಪಲ್ಪ್ ತೆರೆಯದ ಆಳದ ಕುಳಿಯಲ್ಲಿ, ಮೇಲೆ ಗ್ಲಾಸ್ ಅಯನೋಮರ್ (ಹಲ್ಲಿಗೆ ಅಂಟುವ ಇನ್ನೊಂದು ಸಿಮೆಂಟ್) ಹೊದಿಸಿ ಬಳಸುವವರಿಗೆ ನಮ್ಮ ತಕರಾರಿಲ್ಲ. ತೆರೆದ ಪಲ್ಪ್‌ಗೆ ಮಾತ್ರ ಬೇಡ.

ಎಂಟಿಎ: ಗುಣದಲ್ಲಿ ಚಿನ್ನ, ಬಾಟಲಿಯಲ್ಲಿ ತಲೆನೋವು

ಮಿನರಲ್ ಟ್ರೈಆಕ್ಸೈಡ್ ಅಗ್ರಿಗೇಟ್ ಎಂಬ ಉದ್ದ ಹೆಸರಿನ ಈ ಪುಡಿಯನ್ನು ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಮಹಮೂದ್ ತೊರಾಬಿನೆಜಾದ್ ರೂಪಿಸಿದರು. ಮೊದಲ ವರದಿ 1993ರದ್ದು. ಪ್ರೋರೂಟ್ ಎಂಬ ಬ್ರ್ಯಾಂಡಿನ ಮೂಲ ಎಂಟಿಎಯಲ್ಲಿ ಶೇ. 75 ಪೋರ್ಟ್‌ಲ್ಯಾಂಡ್ ಸಿಮೆಂಟ್, ಶೇ. 20 ಬಿಸ್ಮತ್ ಆಕ್ಸೈಡ್, ಶೇ. 5 ಜಿಪ್ಸಂ. ಮನೆ ಕಟ್ಟುವ ಸಿಮೆಂಟೇ ಹೌದು, ಆದರೆ ಭಾರಲೋಹಗಳನ್ನು ನಿಯಂತ್ರಿಸಿ, ನುಣ್ಣಗೆ ಅರೆದು ತಯಾರಿಸಿದ್ದು. ಬಿಸ್ಮತ್ ಸೇರಿಸಿದ್ದು ಎಕ್ಸ್‌ರೇಯಲ್ಲಿ ಕಾಣಲಿ ಎಂದು.

ನೀರು ಬಿದ್ದೊಡನೆ ಇದರೊಳಗಿನ ಕ್ಯಾಲ್ಸಿಯಂ ಸಿಲಿಕೇಟ್ ಹರಳುಗಟ್ಟುತ್ತಾ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಸತತವಾಗಿ ಹೊರಬಿಡುತ್ತದೆ. ಕಲಸಿದಾಗ ಪಿಹೆಚ್ 10.2, ಮೂರು ಗಂಟೆಯಲ್ಲಿ 12.5. ಅಂದರೆ ಡೈಕಲ್ ಯಾವುದರಿಂದ ಕೆಲಸ ಮಾಡುತ್ತದೋ ಇದೂ ಅದರಿಂದಲೇ ಮಾಡುತ್ತದೆ. ವ್ಯತ್ಯಾಸ ಇಷ್ಟೇ: ಎಂಟಿಎ ಕರಗಿ ಹೋಗದೆ ಅಲ್ಲೇ ನಿಲ್ಲುತ್ತದೆ, ಅಂಗಾಂಶದ ದ್ರವದ ಜೊತೆ ಸೇರಿ ಮೇಲ್ಮೈಯಲ್ಲಿ ಅಪಟೈಟ್ (ಹಲ್ಲಿನಲ್ಲಿರುವಂಥದೇ ಖನಿಜ) ಪದರ ಕಟ್ಟುತ್ತದೆ, ಅಂಚು ಮುಚ್ಚುತ್ತದೆ. ಇದರ ಕೆಳಗಿನ ಡೆಂಟಿನ್ ಗೋಡೆ ದಪ್ಪ, ಸುರಂಗ ಕಡಿಮೆ, ಪಲ್ಪ್‌ನ ಉರಿಯೂತವೂ ಕಡಿಮೆ.

ತಾಳ್ಮೆ ಮಾತ್ರ ಬೇಕು. ಪ್ರೋರೂಟ್ ಗಟ್ಟಿಯಾಗಲು 2 ಗಂಟೆ 45 ನಿಮಿಷ. ಒತ್ತಡ ತಾಳುವ ಶಕ್ತಿ ಮೊದಲ ದಿನ 40 ಮೆಗಾಪ್ಯಾಸ್ಕಲ್, ಮೂರು ವಾರಕ್ಕೆ 67. ಹಾಗಾಗಿ ಹಳೆಯ ಪದ್ಧತಿಯಲ್ಲಿ ಮೇಲೆ ಒದ್ದೆ ಹತ್ತಿ ಇಟ್ಟು, ತಾತ್ಕಾಲಿಕ ಫಿಲ್ಲಿಂಗ್ ಹಾಕಿ, ಇನ್ನೊಂದು ದಿನ ಕರೆಸಬೇಕಾಗುತ್ತಿತ್ತು. ಕುಂದಾಪುರದಿಂದಲೋ ಸುಳ್ಯದಿಂದಲೋ ಬಸ್ಸು ಹತ್ತಿ ಬಂದವರು ಎರಡನೇ ಭೇಟಿಗೆ ತಪ್ಪಿಸಿಕೊಂಡರೆ ತಾತ್ಕಾಲಿಕ ಫಿಲ್ಲಿಂಗ್ ಸವೆದು ಉಗುಳು ಒಳಗೆ ಹೋಗುತ್ತದೆ, ಮಾಡಿದ ಕೆಲಸ ಹಾಳು. ಬ್ರೆಜಿಲ್‌ನ ಎಂಟಿಎ ಆಂಜೆಲಸ್ ಜಿಪ್ಸಂ ಕೈಬಿಟ್ಟು ಈ ಅವಧಿಯನ್ನು 10-15 ನಿಮಿಷಕ್ಕೆ ಇಳಿಸಿತು. ಗಟ್ಟಿಯಾದ ಕೂಡಲೇ ಮೇಲೆ ರೆಸಿನ್ ಸೇರಿಸಿದ ಗ್ಲಾಸ್ ಅಯನೋಮರ್ ತೆಳ್ಳಗೆ ಹೊದಿಸಿ, ಅದೇ ಭೇಟಿಯಲ್ಲಿ ಕಾಂಪೋಸಿಟ್ (ಹಲ್ಲಿನ ಬಣ್ಣದ ರೆಸಿನ್ ಫಿಲ್ಲಿಂಗ್) ಹಾಕಿ ಕಳಿಸಬಹುದು. ನಮ್ಮೂರಿಗೆ ಹೊಂದುವುದು ಇದು.

ಕಲಸುವ ಕ್ರಮ: ಗಾಜಿನ ಸ್ಲ್ಯಾಬ್ ಮೇಲೆ ಒಂದು ಚಮಚ ಪುಡಿ, ಒಂದು ಹನಿ ಡಿಸ್ಟಿಲ್ಡ್ ವಾಟರ್, 30 ಸೆಕೆಂಡ್. ತೂಕದ ಲೆಕ್ಕದಲ್ಲಿ ಪುಡಿ ಮೂರು ಪಾಲು, ನೀರು ಒಂದು ಪಾಲು. ಹದ ಬಂದಾಗ ಪಣಂಬೂರು ಕಡಲ ದಂಡೆಯಲ್ಲಿ ಅಲೆ ಹಿಂದೆ ಸರಿದ ಕೂಡಲೇ ಕಾಣುವ ಮರಳಿನಂತೆ ಇರಬೇಕು: ಮೇಲ್ಮೈ ಮಿನುಗುತ್ತದೆ, ಆದರೆ ನೀರು ನಿಂತಿರುವುದಿಲ್ಲ. ಒಣಗಿ ಉದುರತೊಡಗಿದರೆ ಅರ್ಧ ಹನಿ ಸೇರಿಸಬಹುದು. ನೀರು ಹೆಚ್ಚಾಗಿದ್ದರೆ ಒಣ ಗಾಜ್ ಬಟ್ಟೆಯ ತುದಿ ತಾಗಿಸಿ ಹೀರಿಸಿ. ಡಿಸ್ಟಿಲ್ಡ್ ವಾಟರ್ ಮುಗಿದಿದೆ ಎಂದು ಸಲೈನನ್ನೋ ಮರಗಟ್ಟಿಸುವ ಇಂಜೆಕ್ಷನ್ ದ್ರವವನ್ನೋ ಹಾಕಿದರೆ ಗಟ್ಟಿಯಾಗುವುದು ನಿಧಾನವಾಗುತ್ತದೆ. ಬಾವಿ ನೀರು ಎಷ್ಟೇ ತಿಳಿಯಾಗಿದ್ದರೂ ಅದರ ಜಾಗ ಅಡುಗೆಮನೆ.

ಪಲ್ಪ್ ಮೇಲೆ ಕನಿಷ್ಠ 1.5 ಮಿ.ಮೀ. ದಪ್ಪ ಇರಬೇಕು. ತೂತಿನ ಸುತ್ತಲಿನ ಡೆಂಟಿನ್ ಮೇಲೂ ಒಂದೂವರೆ ಮಿ.ಮೀ. ಹರಡಬೇಕು, ಆದರೆ ಕುಳಿಯ ಗೋಡೆಗಳ ಅಂಚು ಸ್ವಚ್ಛವಾಗಿರಬೇಕು. ಅಂಚಿನವರೆಗೂ ಎಂಟಿಎ ಬಳಿದರೆ ಕಾಂಪೋಸಿಟ್ ಅಂಟಲು ಜಾಗವೇ ಉಳಿಯುವುದಿಲ್ಲ, ಲೀಕ್ ಅಲ್ಲಿಂದಲೇ ಶುರು.

ಬಣ್ಣದ ವಿಷಯ ಮುಂದಿನ ಹಲ್ಲಿಗೆ ನಿರ್ಣಾಯಕ. ಬಿಸ್ಮತ್ ಆಕ್ಸೈಡ್ ಸೋಡಿಯಂ ಹೈಪೋಕ್ಲೋರೈಟ್ (ಬ್ಲೀಚ್ ದ್ರವ) ತಾಗಿದರೆ ಕಡುಕಂದಾಗುತ್ತದೆ. ಬಿಳಿ ಎಂಟಿಎ ಎಂದು ಬರೆದಿದ್ದರೂ ಬಿಸ್ಮತ್ ಇದ್ದರೆ ಇದು ತಪ್ಪಿದ್ದಲ್ಲ. ರಕ್ತ ನಿಲ್ಲಿಸಲು ಬಳಸುವುದೂ ಹೈಪೋಕ್ಲೋರೈಟನ್ನೇ ಎಂಬುದನ್ನು ಮರೆಯಬಾರದು. ಬಿದ್ದು ಮುಂದಿನ ಹಲ್ಲಿನ ತುದಿ ಮುರಿದುಕೊಂಡ ಶಾಲಾ ಹುಡುಗನ ಬಾಚಿಹಲ್ಲಿಗೆ ಇದನ್ನು ಹಾಕಿದರೆ ನರ ಉಳಿದರೂ ಹಲ್ಲು ಬೂದು ಬಣ್ಣಕ್ಕೆ ತಿರುಗಬಹುದು, ಮನೆಯವರ ಕಣ್ಣಿಗೆ ಅದು ಸತ್ತ ಹಲ್ಲೇ. ಆಂಜೆಲಸ್ ಈಚೆಗೆ ಬಿಸ್ಮತ್ ಬದಲು ಕ್ಯಾಲ್ಸಿಯಂ ಟಂಗ್‌ಸ್ಟೇಟ್ ಬಳಸುತ್ತಿದೆ. ಕೊಳ್ಳುವಾಗ ಪೆಟ್ಟಿಗೆ ತಿರುಗಿಸಿ ಘಟಕಗಳ ಸಾಲು ಓದಿ, ಹಳೆಯ ದಾಸ್ತಾನು ಕೈಗೆ ಬರದಿರಲಿ.

ಇನ್ನು ಬಾಟಲಿ. ಒಂದು ಗ್ರಾಂ ಪುಡಿಯ ಬಾಟಲಿಯನ್ನು ಹಲವು ರೋಗಿಗಳಿಗೆ ಹಂಚಿಕೊಂಡು ಬಳಸುವುದರಿಂದ ಮುಚ್ಚಳ ಪ್ರತಿ ಸಲ ತೆರೆಯಲೇಬೇಕು. ತೆರೆದ ಅರ್ಧ ನಿಮಿಷದಲ್ಲಿ ಒಳಗೆ ಹೋಗುವ ತೇವ ಪುಡಿಯ ಕಣಗಳ ಹೊರಮೈಯನ್ನು ಅಲ್ಲೇ ಗಟ್ಟಿ ಮಾಡಿಬಿಡುತ್ತದೆ. ಹೀಗಾದ ಪುಡಿ ಕಲಸಲು ಬರುತ್ತದೆ, ಹಚ್ಚಲೂ ಬರುತ್ತದೆ, ಹೇಳಿದ ಹೊತ್ತಿಗೆ ಗಟ್ಟಿಯಾಗುವುದಿಲ್ಲ ಅಷ್ಟೆ. ಇದನ್ನು ಇನ್ನೂ ಕೆಡಿಸುವುದು ಫ್ರಿಜ್. ತಣ್ಣಗಿನ ಬಾಟಲಿಯನ್ನು ಹೊರಗೆ ತಂದ ಕೂಡಲೇ ತೆರೆದರೆ ಒಳಗೋಡೆಯ ಮೇಲೆ ನೀರು ಹನಿಗಟ್ಟುತ್ತದೆ. ರಾತ್ರಿಯಿಡೀ ಎ.ಸಿ. ಹಾಕಿದ ಕೋಣೆಯಿಂದ ತೆರೆದ ವರಾಂಡಕ್ಕೆ ತಂದರೂ ಅದೇ ಕತೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಹಾಕಿ ಅದರೊಳಗೆ ಬಾಟಲಿ ಇಡಿ. ಜೆಲ್ ಬಣ್ಣ ತಿರುಗಿದರೆ ಬದಲಾಯಿಸಿ. ತೆರೆಯುವ ಮೊದಲು ಬಾಟಲಿ ಕೋಣೆಯ ಉಷ್ಣತೆಗೆ ಬರಲಿ.

ಪುಡಿ ಕೆಟ್ಟಿದೆಯೇ ತಿಳಿಯುವುದು ಸುಲಭ. ಬಾಟಲಿ ಓರೆ ಮಾಡಿದಾಗ ಪುಡಿ ಜಾರದೆ ಗೋಡೆಗೆ ಅಂಟಿದ್ದರೆ, ಚಮಚಕ್ಕೆ ಸಣ್ಣ ಉಂಡೆ ಸಿಕ್ಕಿದರೆ ಅನುಮಾನಿಸಿ. ಬಾಯಿಗೆ ಹಾಕಿ ಉಳಿದ ಮುದ್ದೆಯನ್ನು ಸ್ಲ್ಯಾಬಿನ ಮೇಲೆ ಒದ್ದೆ ಗಾಜ್ ಬಟ್ಟೆ ಮುಚ್ಚಿ ಇಡಿ. ಕಂಪನಿ ಹೇಳಿದ ಹೊತ್ತು ಕಳೆದ ಮೇಲೆ ಎಕ್ಸ್‌ಪ್ಲೋರರ್ ಮೊನೆ ಒತ್ತಿದರೆ ಗುಳಿ ಬಿದ್ದರೆ ಆ ಬಾಟಲಿ ಮುಗಿಯಿತು. ದುಬಾರಿ ಸಾಮಾನು ಎಂಬ ಸಂಕಟದಲ್ಲಿ ಕೊನೆಯ ಚಮಚದವರೆಗೂ ಬಳಸುವುದೇ ಹಲವು ಕೇಸು ಕೆಡಲು ಕಾರಣ. ಪೊಟ್ಟಣದಲ್ಲಿ ಬರುವ ಒಂದೇ ಡೋಸಿನ ಎಂಟಿಎ ಗ್ರಾಂ ಲೆಕ್ಕದಲ್ಲಿ ತುಟ್ಟಿ ಅನಿಸಿದರೂ ಮಳೆಗಾಲದ ಲೆಕ್ಕದಲ್ಲಿ ಅಗ್ಗ.

ಎಂಟಿಎಗೆ ಒಂದು ಹೆಚ್ಚುವರಿ ಅಂಕ ಕೊಡಲೇಬೇಕು: ಯಂತ್ರ ಬೇಡ. ಕರೆಂಟ್ ಹೋಗಿದ್ದರೂ, ಹಳ್ಳಿಯ ಕ್ಯಾಂಪಿನಲ್ಲಿದ್ದರೂ ಸ್ಲ್ಯಾಬ್ ಮತ್ತು ಸ್ಪ್ಯಾಚುಲಾ ಇದ್ದರೆ ಕೆಲಸ ಆಗುತ್ತದೆ.

ಬಯೋಡೆಂಟಿನ್: ನಮ್ಮ ಹವೆಗೆ ಹೇಳಿ ಮಾಡಿಸಿದ ಪ್ಯಾಕಿಂಗ್

ಫ್ರಾನ್ಸಿನ ಸೆಪ್ಟೋಡಾಂಟ್ ಕಂಪನಿಯದ್ದು. ಪುಡಿಯಲ್ಲಿ ಬಹುಪಾಲು ಟ್ರೈಕ್ಯಾಲ್ಸಿಯಂ ಸಿಲಿಕೇಟ್, ಜೊತೆಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಎಕ್ಸ್‌ರೇಗಾಗಿ ಜಿರ್ಕೋನಿಯಂ ಆಕ್ಸೈಡ್. ದ್ರವದಲ್ಲಿ ನೀರಿನ ಜೊತೆ, ಬೇಗ ಗಟ್ಟಿಯಾಗಲು ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ನೀರು ಕಡಿಮೆ ಸಾಕಾಗಲು ಒಂದು ಪಾಲಿಮರ್. ಬಿಸ್ಮತ್ ಇಲ್ಲದ ಕಾರಣ ಬಣ್ಣದ ಭಯ ಎಂಟಿಎಗಿಂತ ಬಹಳ ಕಡಿಮೆ. ಗಟ್ಟಿತನ ನೈಜ ಡೆಂಟಿನ್ ಸಮೀಪಕ್ಕೆ ಬರುತ್ತದೆ: ಕಂಪನಿಯ ಪ್ರಕಾರ ಒಂದು ದಿನಕ್ಕೆ 200, ತಿಂಗಳಿಗೆ 300 ಮೆಗಾಪ್ಯಾಸ್ಕಲ್. ಹಾಗಾಗಿ ಕೆಳಗೆ ಲೈನರ್ ಆಗಿಯೂ, ಮೇಲೆ ತಾತ್ಕಾಲಿಕ ಫಿಲ್ಲಿಂಗ್ ಆಗಿಯೂ ಒಂದೇ ಸಾಮಾನು ಸಾಕು. ಇಡೀ ಕುಳಿ ಇದರಿಂದಲೇ ತುಂಬಿಸಿ ಆರು ತಿಂಗಳವರೆಗೆ ಬಿಡಬಹುದು ಎಂದು ಕಂಪನಿಯೇ ಹೇಳುತ್ತದೆ.

ಕರಾವಳಿಗೆ ಇದರ ದೊಡ್ಡ ಗುಣ ಪ್ಯಾಕಿಂಗ್. 0.7 ಗ್ರಾಂ ಪುಡಿ ಮುಚ್ಚಿದ ಕ್ಯಾಪ್ಸೂಲಿನಲ್ಲಿ, ದ್ರವ ಒಂದೇ ಡೋಸಿನ ಪಿಪೆಟ್ಟಿನಲ್ಲಿ. ಒಬ್ಬ ರೋಗಿಗೆ ತೆರೆದದ್ದು ಅವರಿಗೇ ಮುಗಿಯುತ್ತದೆ, ಮುಂದಿನವರ ಪಾಲಿನ ಪುಡಿ ಹೊರಗಾಳಿ ಕಾಣುವುದೇ ಇಲ್ಲ.

ಕೆಡುವುದು ಹೆಚ್ಚಾಗಿ ಕಲಸುವಲ್ಲಿ. ಕ್ಯಾಪ್ಸೂಲನ್ನು ಗಟ್ಟಿ ಮೇಜಿನ ಮೇಲೆ ಮೆಲ್ಲಗೆ ಕುಟ್ಟಿ ಪುಡಿ ಸಡಿಲಿಸಿ, ಆಮೇಲೆ ತೆರೆಯಿರಿ. ಪಿಪೆಟ್ಟನ್ನೂ ತಟ್ಟಿ ದ್ರವವನ್ನೆಲ್ಲ ಕೆಳಗಿಳಿಸಿ, ಮೂತಿ ತಿರುಚಿ ತೆಗೆಯುವಾಗ ಹನಿ ಚೆಲ್ಲದಂತೆ ನೋಡಿಕೊಳ್ಳಿ. ಹನಿ ಐದು. ನಾಲ್ಕಲ್ಲ, ಆರಲ್ಲ. ಪಿಪೆಟ್ಟಿನಲ್ಲಿ ಇನ್ನೂ ಚೂರು ಉಳಿದಿದೆ, ಹಾಳು ಮಾಡುವುದು ಯಾಕೆ ಎಂದು ಹಿಂಡಿದರೆ ಮಿಶ್ರಣ ತೆಳ್ಳಗಾಗಿ, ಗಟ್ಟಿಯಾಗುವುದು ತಡವಾಗಿ, ಕೊನೆಗೆ ಪುಡಿಪುಡಿಯಾಗುವ ಸಿಮೆಂಟ್ ಸಿಗುತ್ತದೆ. ಮುಚ್ಚಳ ಹಾಕಿ ನಿಮಿಷಕ್ಕೆ 4000ರಿಂದ 4200 ಸುತ್ತಿನ ಅಮಾಲ್ಗಮೇಟರಿನಲ್ಲಿ (ಕ್ಯಾಪ್ಸೂಲ್ ಅಲುಗಿಸಿ ಕಲಸುವ ಯಂತ್ರ) 30 ಸೆಕೆಂಡ್. ಹಳೆಯ, ವೇಗ ಕಡಿಮೆಯಾದ ಯಂತ್ರದಲ್ಲಿ ಪುಡಿ ತಳದಲ್ಲೇ ಉಳಿಯುತ್ತದೆ. ಆಗ ಜನ ದೂರುವುದು ಸಿಮೆಂಟನ್ನು. ಹದ ತೆಳ್ಳಗಿದ್ದರೆ ಅರ್ಧದಿಂದ ಒಂದು ನಿಮಿಷ ಕಾದರೆ ಹಿಡಿಯಲು ಬರುತ್ತದೆ.

ಗಟ್ಟಿಯಾಗಲು ಕಲಸತೊಡಗಿದ ಹೊತ್ತಿನಿಂದ 12 ನಿಮಿಷ ಎಂಬುದು ಕಂಪನಿಯ ಲೆಕ್ಕ. 2013ರ ಒಂದು ಪ್ರಯೋಗಾಲಯ ಪರೀಕ್ಷೆಯಲ್ಲಿ ಪೂರ್ತಿ ಗಟ್ಟಿಯಾಗಲು 45 ನಿಮಿಷ ಹಿಡಿದಿತ್ತು. ಎರಡೂ ಸುಳ್ಳಲ್ಲ: ಹನ್ನೆರಡಕ್ಕೆ ಮೇಲೆ ಕೆಲಸ ಮಾಡುವಷ್ಟು ಗಟ್ಟಿ, ಒಳಗಿನ ಹರಳುಗಟ್ಟುವಿಕೆ ಇನ್ನೂ ನಡೆಯುತ್ತಿರುತ್ತದೆ. ಆದ್ದರಿಂದ ಈ ಹೊತ್ತಿನಲ್ಲಿ ನೀರಿನ ಸ್ಪ್ರೇ ಹೊಡೆಯುವಂತಿಲ್ಲ, ಬರ್ (ಡ್ರಿಲ್ಲಿನ ಮೊನೆ) ತಾಗಿಸುವಂತಿಲ್ಲ, ಜೋರಾಗಿ ಒತ್ತುವಂತಿಲ್ಲ. ಆಸಿಡ್ ಎಚಿಂಗ್ ಮಾಡಿ ಕೂಡಲೇ ಕಾಂಪೋಸಿಟ್ ಹಾಕಿದರೆ ಕಾಂಪೋಸಿಟ್ ಕುಗ್ಗುವಾಗ ಎಳೆಯ ಸಿಮೆಂಟನ್ನೂ ಎಳೆದುಕೊಂಡು ಬರುತ್ತದೆ. ಕುಳಿ ಪೂರ್ತಿ ಬಯೋಡೆಂಟಿನ್ ತುಂಬಿಸಿ, ಎರಡು ವಾರವೋ ಹೆಚ್ಚೋ ಬಿಟ್ಟು, ಮೇಲಿನ ಪದರ ಕೆರೆದು ಕಾಂಪೋಸಿಟ್ ಹಾಕುವುದು ಹೆಚ್ಚು ಭದ್ರ. ಎರಡನೇ ಭೇಟಿ ಆಗದು ಎಂಬವರಿಗೆ ಮಾತ್ರ ಅಂದೇ ಮೇಲೆ ಗ್ಲಾಸ್ ಅಯನೋಮರ್ ಹೊದಿಸಿ ಮುಗಿಸಬಹುದು.

ಎರಡು ಕೊರತೆ ಹೇಳಲೇಬೇಕು. ಎಕ್ಸ್‌ರೇಯಲ್ಲಿ ಇದು ಹೆಚ್ಚುಕಮ್ಮಿ ಡೆಂಟಿನ್ ಬಣ್ಣವೇ. ಬೇರೆ ಕ್ಲಿನಿಕ್ಕಿಗೆ ಹೋದಾಗ ಅಲ್ಲಿಯ ಡಾಕ್ಟರಿಗೆ ಪಲ್ಪ್ ಮೇಲೆ ಏನೂ ಹಾಕಿಲ್ಲವೇನೋ ಅನಿಸಬಹುದು. ಎರಡನೆಯದು ಖರ್ಚು: ಸಣ್ಣ ತೂತಿಗೆ ಬೇಕಾದದ್ದು ಕ್ಯಾಪ್ಸೂಲಿನ ಕಾಲು ಭಾಗ, ಉಳಿದದ್ದು ಕಸಕ್ಕೆ. ಅದನ್ನು ಉಳಿಸಲು ಪುಡಿಯನ್ನು ಭಾಗ ಮಾಡಿ ಅಂದಾಜಿಗೆ ದ್ರವ ಬೆರೆಸುವ ಅಭ್ಯಾಸವೂ ಅಲ್ಲಲ್ಲಿ ಇದೆ. ಹಾಗೆ ಮಾಡುವುದಾದರೆ ಇಷ್ಟು ದುಡ್ಡು ಕೊಟ್ಟು ಕ್ಯಾಪ್ಸೂಲ್ ಕೊಳ್ಳುವ ಅಗತ್ಯವೇ ಇರಲಿಲ್ಲ.

ಥೆರಾಕ್ಯಾಲ್ ಎಲ್‌ಸಿ

ಅಮೆರಿಕದ ಬಿಸ್ಕೋ ಕಂಪನಿಯ ಸಿರಿಂಜ್. ಕ್ಯಾಲ್ಸಿಯಂ ಸಿಲಿಕೇಟನ್ನು ರೆಸಿನ್‌ನಲ್ಲಿ ಬೆರೆಸಿದ್ದು, 1 ಮಿ.ಮೀ. ಪದರ ಹಾಕಿ 20 ಸೆಕೆಂಡ್ ಲೈಟ್ ಹಿಡಿದರೆ ಗಟ್ಟಿ. ಕಲಸುವ ರಗಳೆ ಇಲ್ಲ, ತೇವಕ್ಕೆ ಕೆಡುವ ಪುಡಿ ಇಲ್ಲ, ಮೇಲೆ ಕೂಡಲೇ ಕಾಂಪೋಸಿಟ್. ಬಳಸುವವರಿಗೆ ಇಷ್ಟವಾಗುವುದು ಸಹಜ. ಆದರೆ ಗಟ್ಟಿಯಾಗದೆ ಉಳಿದ ರೆಸಿನ್ ಅಂಶ ಪಲ್ಪ್‌ನ ಜೀವಕೋಶಕ್ಕೆ ಹಿತವಲ್ಲ, ಲೈಟಿನ ಬಿಸಿಯೂ ಹತ್ತಿರದಲ್ಲೇ. ಪ್ರಯೋಗಾಲಯದ ಹೋಲಿಕೆಗಳಲ್ಲಿ ಎಂಟಿಎ, ಬಯೋಡೆಂಟಿನ್ ಎದುರು ಇದು ಹಿಂದೆ ಬೀಳುತ್ತಾ ಬಂದಿದೆ. ಪಲ್ಪ್ ಮೇಲೆ ತೆಳ್ಳಗಾದರೂ ಡೆಂಟಿನ್ ಉಳಿದಿದ್ದರೆ ಬಳಸಿ. ದಪ್ಪಗೆ ಒಂದೇ ಸಲ ಹಾಕಬೇಡಿ, ತಳ ಹಸಿಯಾಗಿಯೇ ಉಳಿಯುತ್ತದೆ.

ಲವಂಗದೆಣ್ಣೆ ಬೆರೆತ ಜಿಂಕ್ ಆಕ್ಸೈಡ್ ಯೂಜಿನಾಲನ್ನು ಇಲ್ಲಿ ಲೆಕ್ಕಕ್ಕೇ ಹಿಡಿದಿಲ್ಲ. ತೆರೆದ ಪಲ್ಪ್ ಮೇಲೆ ಅದು ದೀರ್ಘಕಾಲದ ಉರಿಯೂತ ತರುತ್ತದೆ, ಕಾಂಪೋಸಿಟ್ ಗಟ್ಟಿಯಾಗುವುದಕ್ಕೂ ಅಡ್ಡಿ. ಇದೇ ಕಾರಣಕ್ಕೆ, ಡಾಕ್ಟರ ಬಳಿ ಹೋಗುವ ಮುನ್ನ ಕುಳಿಯೊಳಗೆ ಲವಂಗದೆಣ್ಣೆಯ ಹತ್ತಿ ತುರುಕಿಕೊಂಡವರು ಅದನ್ನು ಮರೆಯದೆ ಹೇಳಬೇಕು.

ಸಿಮೆಂಟಿಗಿಂತ ಮೊದಲು ರಕ್ತ

ಎಷ್ಟು ಒಳ್ಳೆಯ ಸಾಮಾನು ತಂದರೂ ಅದನ್ನು ಹಾಕುವ ಮುಂಚಿನ ಹತ್ತು ನಿಮಿಷ ತಪ್ಪಿದರೆ ಪ್ರಯೋಜನವಿಲ್ಲ. ರಾತ್ರಿ ತಾನಾಗಿ ಎದ್ದು ಕೂರಿಸುವ ನೋವು, ಬಿಸಿ ತಾಗಿದರೆ ನಿಲ್ಲದ ನೋವು, ಬೇರಿನ ತುದಿಯಲ್ಲಿ ಎಕ್ಸ್‌ರೇ ಕಪ್ಪಾಗಿರುವುದು ಇವಿದ್ದರೆ ಬರೀ ಕ್ಯಾಪಿಂಗ್ ಸಾಲದು. ಇಲ್ಲವೆಂದಾದರೆ ರಬ್ಬರ್ ಡ್ಯಾಮ್ (ಉಗುಳು ತಡೆಯುವ ರಬ್ಬರ್ ಹಾಳೆ) ಹಾಕಿ, ಮೊದಲು ಕುಳಿಯ ಗೋಡೆಗಳ ಹುಳುಕನ್ನು ಪೂರ್ತಿ ತೆಗೆದು, ತಳಕ್ಕೆ ಹೋಗುವ ಮುನ್ನ ಹೊಸ ಸ್ಟೆರೈಲ್ ಬರ್‌ಗೆ ಬದಲಾಯಿಸಬೇಕು. ತೂತು ಬಿದ್ದ ಮೇಲೆ ಗೋಡೆ ಕೆರೆಯಲು ಹೋದರೆ ಕೊಳೆ ನೇರ ಪಲ್ಪ್ ಒಳಗೆ.

ರಕ್ತ ನಿಲ್ಲಿಸಲು ಶೇ. 2.5-3ರ ಹೈಪೋಕ್ಲೋರೈಟಿನಲ್ಲಿ ಅದ್ದಿದ ಹತ್ತಿಯನ್ನು ಮೆತ್ತಗೆ ಐದು ನಿಮಿಷ ಇಡಿ. ಒಣ ಹತ್ತಿ ಒತ್ತಬೇಡಿ. ಎಳೆ ಅಂಟಿಕೊಂಡು, ತೆಗೆಯುವಾಗ ಮತ್ತೆ ರಕ್ತ ಬರಿಸುತ್ತದೆ. ನಿಲ್ಲದಿದ್ದರೆ ಇನ್ನೊಂದು ಸಲ, ಒಟ್ಟು ಹತ್ತು ನಿಮಿಷದವರೆಗೆ. ಆಗಲೂ ಜಿನುಗಿದರೆ ಪಲ್ಪ್‌ನ ಮೇಲ್ಭಾಗ ಕೆಟ್ಟಿದೆ ಎಂದರ್ಥ: ಎರಡು ಮೂರು ಮಿ.ಮೀ. ತೆಗೆದು ಪಾರ್ಷಿಯಲ್ ಪಲ್ಪಾಟಮಿ, ಅದಕ್ಕೂ ನಿಲ್ಲದಿದ್ದರೆ ಮೇಲಿನ ಕೋಣೆಯ ಪಲ್ಪ್ ಪೂರ್ತಿ ತೆಗೆಯುವುದು. ರಕ್ತದ ಮೇಲೆಯೇ ಸಿಮೆಂಟ್ ಹಾಕಿ ಮುಚ್ಚಿದರೆ ಸಿಮೆಂಟೂ ದುರ್ಬಲ, ಕೆಳಗೆ ಹೆಪ್ಪುಗಟ್ಟಿದ ರಕ್ತವೂ ಕೊಳೆಯುತ್ತದೆ. ರಕ್ತ ನಿಂತ ಮೇಲೆ ಸಲೈನಿನಲ್ಲಿ ತೊಳೆದು, ಪೂರ್ತಿ ಒಣಗಿಸದೆ, ಸಿಮೆಂಟ್ ಇಡಿ. ಯುರೋಪಿನ ಎಂಡೋಡಾಂಟಿಕ್ ಸಂಘ 2019ರಲ್ಲಿ ಹೊರಡಿಸಿದ ನಿಲುವು ಕೂಡ ಇದೇ ಬಗೆಯದು, ಸಾಮಾನಿನ ಜಾಗದಲ್ಲಿ ಅದು ಹೇಳುವುದು ಕ್ಯಾಲ್ಸಿಯಂ ಸಿಲಿಕೇಟ್ ಸಿಮೆಂಟುಗಳನ್ನೇ.

ಮಾಡಿಸಿಕೊಂಡವರಿಗೆ

ಮರಗಟ್ಟಿದ ತುಟಿ ಸರಿಯಾಗುವವರೆಗೆ ಏನೂ ತಿನ್ನಬೇಡಿ. ಅಂದು ಗಂಜಿ, ನೀರುದೋಸೆ ಆಗಬಹುದು, ಇನ್ನೊಂದು ಬದಿಯಲ್ಲಿ ಜಗಿಯಿರಿ. ಕೋರಿ ರೊಟ್ಟಿ, ಚಕ್ಕುಲಿ, ಅಡಿಕೆ ಪಕ್ಕಾ ಫಿಲ್ಲಿಂಗ್ ಆಗುವವರೆಗೆ ಬೇಡ. ಕೋರಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿದರೂ ಅಂಚು ಗರಿಗರಿಯಾಗಿಯೇ ಇರುತ್ತದೆ. ಕೆಲವು ದಿನ ತಣ್ಣಗಿನದು ಜುಮ್ಮೆನ್ನುವುದು ಇದ್ದದ್ದೇ, ದಿನದಿಂದ ದಿನಕ್ಕೆ ಇಳಿಯಬೇಕು. ಏನೂ ತಿನ್ನದೆ ಸುಮ್ಮನಿದ್ದಾಗ ಬರುವ ನೋವು, ನಿದ್ದೆ ಕೆಡಿಸುವ ನೋವು, ವಸಡಿನ ಮೇಲೆ ಕೀವಿನ ಗುಳ್ಳೆ ಕಂಡರೆ ಕಾಯಬೇಡಿ. ನೋವಿಲ್ಲ ಎಂದೂ ತಪ್ಪಿಸಿಕೊಳ್ಳಬೇಡಿ, ಏಕೆಂದರೆ ಪಲ್ಪ್ ಸದ್ದಿಲ್ಲದೆ ಸಾಯುವುದೂ ಉಂಟು. ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ನಾಲ್ಕು ವರ್ಷದವರೆಗೆ ವರ್ಷಕ್ಕೊಮ್ಮೆ ತಣ್ಣನೆಯ ಪರೀಕ್ಷೆ ಮತ್ತು ಎಕ್ಸ್‌ರೇ ಆಗಬೇಕು.

ಬರುವಾಗ "ಡಾಕ್ಟ್ರೇ, ಒಳಗೆ ಹಾಕಿದ್ದು ಯಾವುದು, ಚೀಟಿಯಲ್ಲಿ ಬರೆದುಕೊಡಿ" ಎಂದು ಕೇಳಿ. ಸಾಮಾನಿನ ಹೆಸರು, ತಾರೀಕು, ಯಾವ ಹಲ್ಲು ಇಷ್ಟಿದ್ದರೆ ಸಾಕು. ಎಕ್ಸ್‌ರೇಯಲ್ಲಿ ಬಯೋಡೆಂಟಿನ್ ಕಾಣದೆ ಇನ್ನೊಬ್ಬರು ಹಲ್ಲು ಮತ್ತೆ ತೆರೆಯುವುದು ಆ ಒಂದು ಸಾಲಿನಿಂದ ತಪ್ಪುತ್ತದೆ. ಖಾಸಗಿ ಕ್ಲಿನಿಕ್ಕಿನ ಖರ್ಚು ಭಾರ ಎನಿಸಿದರೆ ದೇರಳಕಟ್ಟೆ, ಲೈಟ್‌ಹೌಸ್ ಹಿಲ್ ಮತ್ತು ಮಣಿಪಾಲದ ಡೆಂಟಲ್ ಕಾಲೇಜುಗಳ ಕನ್ಸರ್ವೇಟಿವ್ (ಹಲ್ಲು ಉಳಿಸುವ ಚಿಕಿತ್ಸೆಯ) ವಿಭಾಗಕ್ಕೆ ಹೋಗಬಹುದು. ಮಕ್ಕಳಿಗಾದರೆ ಪೀಡೋ ವಿಭಾಗ. ಹೊತ್ತು ಹೆಚ್ಚು ಹಿಡಿಯುತ್ತದೆ, ಬೆಳಗ್ಗೆಯೇ ಹೋಗಿ ಚೀಟಿ ಮಾಡಿಸಿ.

ಕ್ಲಿನಿಕ್ ನಡೆಸುವವರು ಡೆಂಟಲ್ ಡಿಪೋದಿಂದ ತರಿಸುವಾಗ: ಮೇ ಕೊನೆಗೆ ದೊಡ್ಡ ಬಾಟಲಿ ತೆಗೆದುಕೊಳ್ಳಬೇಡಿ, ಮಳೆಗಾಲದ ಮಟ್ಟಿಗೆ ಸಣ್ಣ ಪ್ಯಾಕ್ ಸಾಕು. ಪೆಟ್ಟಿಗೆ ಒಡೆದು ಬಿಡಿಯಾಗಿ ಕೊಡುವ ಕ್ಯಾಪ್ಸೂಲಿನ ಮೇಲೆ ಬ್ಯಾಚ್ ಸಂಖ್ಯೆ, ಎಕ್ಸ್‌ಪೈರಿ ತಾರೀಕು ಓದಲು ಬರದಿದ್ದರೆ ವಾಪಸ್ ಮಾಡಿ. ಪಿಪೆಟ್ಟುಗಳನ್ನು ಕ್ಯಾಪ್ಸೂಲಿನ ಲೆಕ್ಕಕ್ಕೆ ಎಣಿಸಿಕೊಳ್ಳಿ. ಒಂದು ಕಡಿಮೆ ಬಿದ್ದರೆ ಆ ಒಂದು ಕ್ಯಾಪ್ಸೂಲಿಗೆ ಬದಲಿ ದ್ರವ ಇಲ್ಲ, ಡಿಸ್ಟಿಲ್ಡ್ ವಾಟರ್ ಹಾಕಿದರೆ 12 ನಿಮಿಷಕ್ಕೆ ಅದು ಗಟ್ಟಿಯಾಗುವುದೂ ಇಲ್ಲ.